ಕುಬಸದ ದಿನ, ಗೋಡೆಯ ಮಣ್ಣು

ಚಪ್ಪಲಿ ಕಟ್ಟೆಯ ಬಳಿ ಬಿಟ್ಟು ಒಳಗೆ ಬನ್ನಿ. ಜನವರಿಯ ಬಿಸಿಲಿಂದ ಬಂದ ಕಾಲಿಗೆ ಶಹಾಬಾದಿ ಪರಸಿ ತಣ್ಣಗೆ ತಾಗುತ್ತದೆ. ಚಿತ್ತಾಪುರದ ಈ ಮನೆಯ ಪಡಸಾಲೆಯಲ್ಲಿ ಇವತ್ತು ಕುಬಸ, ಅಂದರೆ ಸೀಮಂತ. ಕೌದಿಯ ಮೇಲೆ ಏಳು ತಿಂಗಳ ಬಸುರಿ ಕೂತಿದ್ದಾಳೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಸೇಡಂ ಕಡೆಯ ತವರಿನವರು ಬುಟ್ಟಿಯ ಮೇಲಿನ ಬಟ್ಟೆ ಸರಿಸುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಬೆಳ್ಳುಳ್ಳಿ ಒಗ್ಗರಣೆಯ ಪುಂಡಿ ಪಲ್ಯ. ನಿಮ್ಮ ಬಾಯಲ್ಲೇ ನೀರೂರುತ್ತದೆ.

"ಏನ್ ತಿನಬೇಕ್ ಅನಸ್ಲತ್ತದ, ಹೇಳವ್ವಾ" ಅತ್ತೆ ಕೇಳುತ್ತಾಳೆ.

"ಏನೂ ಬ್ಯಾಡ."

ಮುತ್ತೈದೆಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡು ತಿಂಗಳಿಂದ ಇದೇ ಮಾತು ಮನೆಯಲ್ಲಿ: ಬಾಳ ಸಿಟ್ಟಿನಾಕಿ ಆಗ್ಯಾಳ, ಮಾತಿಗೊಮ್ಮೆ ಕಣ್ಣೀರ. ಮೊನ್ನೆ ಮೊನ್ನೆವರೆಗೂ ತೊಗರಿ ಹೊಲದಲ್ಲಿ ಬಗ್ಗಿ ದುಡಿದವಳು, ಈಗ ನಾಲ್ಕು ಹೆಜ್ಜೆಗೆ ತೇಕುತ್ತಾಳೆ.

ಅವಳ ಬಲಗೈ ನೋಡಿ. ಕಿಟಕಿಯ ಕೆಳಗೆ ಸುಣ್ಣ ಉದುರಿ ಮಣ್ಣು ಕಾಣುವಲ್ಲಿ ಉಗುರು ಮೆಲ್ಲಗೆ ಕೆರೆಯುತ್ತಿದೆ. ಹಾಡು ಶುರುವಾಗಿ ಎಲ್ಲರ ಗಮನ ಆರತಿಯತ್ತ ಹೊರಳಿದಾಗ ಬೆರಳು ಬಾಯಿಗೆ ಹೋಗಿ ಬರುತ್ತದೆ. ಅವಳಿಗೆ ಬೇಕಾದದ್ದು ಬುಟ್ಟಿಯಲ್ಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಮಣ್ಣು, ಬೂದಿ, ಸೀಮೆಸುಣ್ಣ, ಹಸಿ ಅಕ್ಕಿಗೆ ಜೀವ ಎಳೆಯುವ ಈ ಬಯಕೆಗೆ ವೈದ್ಯರು ಪೈಕಾ ಎನ್ನುತ್ತಾರೆ. ಬಹಳ ಸಲ ಅದರ ಜೊತೆಗೆ ದೇಹದಲ್ಲಿ ಕಬ್ಬಿಣದ ಕೊರತೆ ಇರುತ್ತದೆ. ಕಬ್ಬಿಣ ಬೇಕಾಗಿರುವುದು ರಕ್ತಕ್ಕೆ ಮಾತ್ರವಲ್ಲ. ಮನಸ್ಸಿನ ಏರಿಳಿತಕ್ಕೆ ಸಂಬಂಧಿಸಿದ ಡೋಪಮೈನ್, ಸೆರೊಟೋನಿನ್‌ಗಳನ್ನು ಮಿದುಳು ತಯಾರಿಸುವಾಗ ಕೆಲಸ ಮಾಡುವ ಕಿಣ್ವಗಳಿಗೂ ಅದು ಬೇಕು. ಹಾಗಾಗಿ ಅವಳ ಸಿಟ್ಟು, ಸುಸ್ತು, ಉಗುರಲ್ಲಿರುವ ಮಣ್ಣು ಮೂರಕ್ಕೂ ಬೇರು ಒಂದೇ ಇರಬಹುದು. ಸ್ವಭಾವ ಕೆಟ್ಟಿತೆಂದು ತೀರ್ಮಾನಿಸಿದ ಮನೆ ಅವಳಿಗೆ ಅನ್ಯಾಯ ಮಾಡುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ ಕಂಡಿತ್ತು. ಇವಳೊಬ್ಬಳ ಕಥೆಯಲ್ಲ ಇದು.

ಬಸುರಿಯನ್ನು ಕೂರಿಸಿ ಏನು ಬೇಕೆಂದು ಕೇಳುವ ಈ ಪದ್ಧತಿ ನನಗೆ ಬಹಳ ಇಷ್ಟ. ಆದರೆ ಹೋಳಿಗೆ, ಹುಳಿ ಮಾವು ಎಂದರೆ ನಗುವ ನಾವು, ಮಣ್ಣು ಎಂದರೂ ಬೈಯದೆ ಕೇಳಿಸಿಕೊಳ್ಳಬೇಕು.

ಉಡಿ ತುಂಬುವ ಹೊತ್ತಿಗೆ ಆಶಾ ಕಾರ್ಯಕರ್ತೆ ಬರುತ್ತಾಳೆ. ಇಂಥ ಕೈಗಳನ್ನು ಬಹಳ ನೋಡಿದವಳು. ಪಕ್ಕಕ್ಕೆ ಕೂತು, ಬೆರಳು ಹಿಡಿದುಕೊಂಡೇ ಕೇಳುತ್ತಾಳೆ: "ಕೆಂಪು ಗುಳಗಿ ನುಂಗ್ಲತ್ತೀ?"

"ಹೊಟ್ಟಿ ತೊಳಸ್ತದ. ಬಿಟ್ಟೀನಿ."

ಒಂದೊಂದು ಗುಳಿಗೆಯಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದಿನಕ್ಕೊಂದರಂತೆ 180 ದಿನ ನುಂಗಬೇಕಾದದ್ದು. ಡಬ್ಬಿಯಲ್ಲಿ ಅರ್ಧ ಹಾಗೇ ಉಳಿದಿವೆ. ರಾತ್ರಿ ಉಂಡ ಮೇಲೆ ನುಂಗು, ಆಗ ತೊಳಸುವುದು ಕಡಿಮೆ. ಗುಳಿಗೆಯ ಆಸುಪಾಸು ಚಹಾ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಊಟದಲ್ಲಿ ಲಿಂಬೆ ಹಿಂಡಿಕೋ, ಹತ್ತುತ್ತದೆ. ಮಲ ಕಪ್ಪಾದರೆ ಅಂಜಬೇಡ. ಹೀಗೆ ಬಿಡಿಸಿ ಹೇಳಿ, ಮಣ್ಣಿನ ಮಾತನ್ನೂ ಅಷ್ಟೇ ಸಲೀಸಾಗಿ ತೆಗೆಯುತ್ತಾಳೆ: ಅದರಲ್ಲಿ ಜಂತುಹುಳದ ಮೊಟ್ಟೆ ಇರಬಹುದು, ಕೆಲವು ಬಗೆಯ ಮಣ್ಣು ಹೊಟ್ಟೆಯಲ್ಲಿರುವ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೊರತೆ ನೀಗತೊಡಗಿದರೆ, ರಕ್ತ ಪೂರ್ತಿ ತುಂಬುವ ಮೊದಲೇ ಈ ಬಯಕೆ ಅಡಗುವುದುಂಟು.

ಹುಡುಗಿ ಮೊದಲ ಸಲ ತಲೆಯೆತ್ತುತ್ತಾಳೆ. "ನನಗೊಬ್ಬಾಕಿಗೇ ಹಿಂಗ್ ಆಗ್ಯಾದ ಅನಕೊಂಡಿದ್ದೆ."

ಪಕ್ಕದಲ್ಲಿ ಕೂತ ಮುದುಕಿ ತಟ್ಟನೆ, "ನಾ ಒಲಿ ಮಣ್ಣ ತಿಂದೀನವ್ವ, ನಿನ್ ಮಾವ ಹೊಟ್ಟ್ಯಾಗ ಇದ್ದಾಗ" ಎನ್ನುತ್ತಾಳೆ. ಪಡಸಾಲೆಯೆಲ್ಲ ನಗು. ಆ ನಗುವಿನ ನಡುವೆ ಹುಡುಗಿ ರೊಟ್ಟಿ ಮುರಿದು ಪುಂಡಿ ಪಲ್ಯಕ್ಕೆ ಅದ್ದುತ್ತಾಳೆ.

ಅತ್ತೆಯ ಕಣ್ಣು ಕೆರೆದ ಗೋಡೆಯ ಮೇಲಿದೆ. "ನಾಳಿಗೇ ಸುಣ್ಣ ಹಚ್ಚಸ್ತೀನಿ."

"ಗೋಡಿಗಿ ಆಮ್ಯಾಲ ಹಚ್ಚಸ್ರಿ" ಎನ್ನುತ್ತಾಳೆ ಆಶಾ. "ಮೊದಲ ಆಕಿ ರಕ್ತ ನೋಡಸ್ರಿ. 11 ಗ್ರಾಮಿನ ಕೆಳಗ ಇದ್ರ ಡಾಕ್ಟರ್ ಏನ್ ಹೇಳ್ತಾರ ಕೇಳೂಣು."

ಸೋಮವಾರ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಯಾರ ಗಾಡಿ ಸಿಗುತ್ತದೆಂದು ಅತ್ತೆ ಮಗನನ್ನು ಕೂಗಿ ಕೇಳುತ್ತಾಳೆ.