ಕಿವಿಗೊಂದು ಹೊಸ ಪಾಠ

ಗದಗಿನವನು ತನಗೆ ಸಂಗೀತ ತಿಳಿಯದೆಂದು ಹೇಳಿದರೆ ಹೊರಗಿನವರು ನಂಬುವುದಿಲ್ಲ. ವಿನಯವೆಂದು ಬಗೆದು ಇನ್ನಷ್ಟು ಗೌರವ ಕೊಡುತ್ತಾರೆ. ಊರಿನ ಪುಣ್ಯ ಅಂಥದು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇಲ್ಲಿದೆ. ಭೀಮಸೇನ ಜೋಶಿಯವರು ೧೯೩೩ರಲ್ಲಿ, ಹನ್ನೊಂದು ವರುಷದ ಹುಡುಗನಾಗಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದದ್ದು ಈ ಊರಿನಿಂದಲೇ. ಇಂಥಲ್ಲಿ ಹುಟ್ಟಿದ ನನಗೆ ಹಾಡಲು ಬರದಿದ್ದರೂ ತಲೆದೂಗಲು ಬರುತ್ತದೆ. ಎಲ್ಲಿ ತೂಗಬೇಕೆಂಬುದು ಹೊಳೆಯದಿದ್ದರೆ ಪಕ್ಕದ ಹಿರಿಯರನ್ನು ಓರೆಗಣ್ಣಿನಿಂದ ನೋಡಿ ಅವರ ಜೊತೆಗೆ ತೂಗುತ್ತೇನೆ. ಹೀಗೆ ಇಪ್ಪತ್ತೈದು ವರುಷ ನಡೆದು, ನನ್ನದು ಸಂಸ್ಕಾರವುಳ್ಳ ಕಿವಿಯೆಂದು ಊರೂ ನಂಬಿತ್ತು, ನಾನೂ ನಂಬಿದ್ದೆ.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಗ ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಒಂದು ಭಾನುವಾರ ಅವನ ಕೋಣೆಯಿಂದ ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು ಬಂತು. ಒಳಗೆ ಇಣುಕಿದೆ. ಫೋನನ್ನು ಮೇಜಿನ ಮೇಲೆ ಇಟ್ಟು, ಕಣ್ಣು ಮುಚ್ಚಿ, ನಾನು ಖ್ಯಾಲ್ ಕೇಳುವಾಗ ಕೂಡುವ ಭಂಗಿಯಲ್ಲೇ ಕೂತಿದ್ದ. ಅದು ‘ಡ್ರಮ್ ಅಂಡ್ ಬೇಸ್’ ಎಂಬ ಸಂಗೀತವಂತೆ. “ಇದಕ್ಕ ಸಂಗೀತ ಅಂತಾರೇನೋ? ಹಿಟ್ಟಿನ ಗಿರಣಿ ಸದ್ದು ಇದಕ್ಕಿಂತ ಛಲೋ ಇರತೈತಿ” ಎಂದೆ. ಅವನು ವಾದ ಮಾಡಲಿಲ್ಲ. ಫೋನಿಗೆ ತಂತಿ ಸಿಕ್ಕಿಸಿ ಕಿವಿಯೊಳಗೆ ಇಟ್ಟುಕೊಂಡ. ಅಂದಿನಿಂದ ಮನೆಯಲ್ಲಿ ಸದ್ದು ನಿಂತಿತು. ಎರಡು ಮೂರು ವಾರ ಕಳೆದ ಮೇಲೆ, ಅದರ ಜೊತೆಗೆ ಮಾತೂ ನಿಂತಿದೆಯೆಂಬುದು ನನ್ನ ಗಮನಕ್ಕೆ ಬಂತು. ಬರುತ್ತಿದ್ದ, ಉಣ್ಣುತ್ತಿದ್ದ, ಕೇಳಿದ್ದಕ್ಕೆ ‘ಹೂಂ’ ಎನ್ನುತ್ತಿದ್ದ, ಕಿವಿ ಮುಚ್ಚಿಕೊಂಡು ಕೋಣೆ ಸೇರುತ್ತಿದ್ದ.

ಇದೇ ದಿನಗಳಲ್ಲಿ ನಾನು ತರಗತಿಯಲ್ಲಿ ಛಂದಸ್ಸು ಹೇಳುತ್ತಿದ್ದೆ. ಕರಿಹಲಗೆಯ ಮೇಲೆ ಭಾಮಿನಿ ಷಟ್ಪದಿಯ ಪ್ರಸ್ತಾರ ಹಾಕಿ, ಮೂರು ನಾಲ್ಕು ಮೂರು ನಾಲ್ಕು ಎಂದು ಮಾತ್ರೆಗಳನ್ನು ವಿಂಗಡಿಸಿ ತೋರಿಸುತ್ತಿರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇಷ್ಟ ಗೆರೀ ಎಳದ್ರ ಭಾಮಿನಿ ತಿಳದಂಗ ಆತೇನ್ರಿ?” ಎಂದು ಕೇಳಿದ. “ಇಲ್ಲಪಾ, ಮೊದಲ ಹತ್ತು ಸಲ ಕಿವಿಯಿಂದ ಕೇಳಬೇಕು, ಆಮ್ಯಾಲೆ ಗೆರೀ” ಎಂದು ಠೀವಿಯಿಂದ ಉತ್ತರ ಕೊಟ್ಟೆ. ಉತ್ತರ ಚೆನ್ನಾಗಿತ್ತು. ಆದರೆ ಕಾಲೇಜಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ಅದು ನನ್ನನ್ನೇ ಕುಟುಕಿತು. ಮಗನ ಸಂಗೀತವನ್ನು ನಾನು ಹತ್ತು ಸಲ ಇರಲಿ, ಒಂದು ಸಲವಾದರೂ ಪೂರ್ತಿ ಕೇಳಿದ್ದೆನೆ?

ಮುಂದಿನ ವಾರ ಲಕ್ಷ್ಮೇಶ್ವರದಲ್ಲಿ ನೆಂಟರ ಮನೆಯ ವಾಸ್ತುಶಾಂತಿ. ಹೆಂಡತಿ ಮುಂಚಿನ ದಿನವೇ ಹೋಗಿದ್ದಳು. ತಂದೆ ಮಗ ಇಬ್ಬರೇ ಶಿರಹಟ್ಟಿಯ ಮೇಲೆ ಹೋಗುವ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ನಾನೇ, “ಅದೇನು ಕೇಳಾಕತ್ತೀಯೋ ತಮ್ಮಾ, ನನಗೂ ಒಂಚೂರು ಕೇಳಸು” ಎಂದೆ.

“ಬ್ಯಾಡ ಬಿಡ್ರಿ ಅಪ್ಪಾ, ನಿಮಗ ಸೇರೂದಿಲ್ಲ.”

“ಸೇರದಿದ್ರ ತಗದು ಕೊಡ್ತೀನಿ.”

ಅವನು ಚೀಲದಿಂದ ದೊಡ್ಡ ಹೆಡ್‌ಫೋನು ತೆಗೆದು ನನ್ನ ಕಿವಿಗೆ ತೊಡಿಸಿದ. ಎರಡು ನಿಮಿಷದಲ್ಲಿ ಎರಡು ಸಂಗತಿ ತಿಳಿದವು. ಒಂದು, ಸದ್ದು ಮೊದಲಿನಷ್ಟೇ ಜೋರಾಗಿ ಓಡುತ್ತಿತ್ತು. ಎರಡು, ಆ ಓಟದ ಕೆಳಗೆ, ಹಿಂದೆ ನಾನು ಕೇಳಿರದ ಒಂದು ಆಳವಾದ ನಾದ ಸಾವಕಾಶವಾಗಿ ಏಳುತ್ತಿತ್ತು, ಬೀಳುತ್ತಿತ್ತು. ಮೊದಲ ದಿನ ಇದು ಏಕೆ ಕೇಳಲಿಲ್ಲವೆಂದು ವಿಚಾರಿಸಿದೆ. ಮಗ ನಕ್ಕು ವಿವರಿಸಿದ. ಈ ಸಂಗೀತದ ಮಂದ್ರನಾದ ಸೆಕೆಂಡಿಗೆ ನಲವತ್ತು ಐವತ್ತು ಕಂಪನಗಳಷ್ಟು ಕೆಳಗೆ ಇಳಿಯುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ತ್ರಾಣವೇ ಇಲ್ಲ. ಹಾಗಾದರೆ ಅಂದು ನಾನು ಕೇಳಿದ್ದು ಡಗ್ಗಾ ತೆಗೆದಿಟ್ಟು ಬಲಗೈಯಿಂದ ಮಾತ್ರ ಬಾರಿಸಿದ ತಬಲಾ! ಅರ್ಧ ಕೇಳಿ ಪೂರ್ಣ ತೀರ್ಪು ಕೊಟ್ಟಿದ್ದೆ.

ಆದರೂ ಮನಸ್ಸು ನಿಲ್ಲಲೊಲ್ಲದು. ತೊಡೆಯ ಮೇಲೆ ತಾಳ ಹಾಕಹೋದರೆ ಬೆರಳು ಸೋತುಹೋಯಿತು. ನಿಮಿಷಕ್ಕೆ ೧೭೦ಕ್ಕೂ ಮೀರಿದ ಪೆಟ್ಟುಗಳು; ಅವನು ಹಾಕಿದ್ದು ಸರಿಯಾಗಿ ೧೭೪ರದಂತೆ. ನನ್ನ ಪೇಚಾಟ ನೋಡಿ ಅವನೆಂದ: “ಅಪ್ಪಾ, ನೀವು ಮ್ಯಾಲಿನ ಸದ್ದಿನ ಬೆನ್ನ ಹತ್ತೀರಿ. ಅದನ್ನ ಅದರ ಪಾಡಿಗೆ ಬಿಡ್ರಿ. ಕೆಳಗ ಒಂದು ನಿಧಾನ ನಡದೈತಿ ನೋಡ್ರಿ, ಅದನ್ನ ಹಿಡೀರಿ. ಅರ್ಧಕ್ಕರ್ಧ ಎಣಸ್ರಿ.” ಅರ್ಧವೆಂದರೆ ೮೭. ಅದು ಸಂಜೆಯ ತಿರುಗಾಟಕ್ಕೆ ಹೊರಟ ಮನುಷ್ಯನ ಹೆಜ್ಜೆಗಿಂತಲೂ ನಿಧಾನ. ಕಿಟಕಿಯ ಹೊರಗೆ ನೋಡಿದೆ. ರಸ್ತೆಯ ಅಂಚಿನ ಜಾಲಿಗಿಡಗಳು ಹಿಂದಕ್ಕೆ ಓಡುತ್ತಿದ್ದವು. ದೂರದ ಕಪ್ಪತಗುಡ್ಡ ಮೆಲ್ಲಗೆ ಸರಿಯುತ್ತಿತ್ತು. ಬಸ್ಸಿನ ವೇಗ ಒಂದೇ. ಕಣ್ಣನ್ನು ಗಿಡದ ಮೇಲೆ ಇಟ್ಟರೆ ತಲೆ ಸುತ್ತುತ್ತದೆ, ಗುಡ್ಡದ ಮೇಲೆ ಇಟ್ಟರೆ ಪ್ರಯಾಣ ಹಿತವಾಗುತ್ತದೆ. ಕಿವಿಗೂ ಅದೇ ನ್ಯಾಯವೆಂದು ಶಿರಹಟ್ಟಿ ಬರುವಷ್ಟರಲ್ಲಿ ಮನವರಿಕೆಯಾಯಿತು. ಪಂಪ ಅಭಿಮಾನದಿಂದ ಹೆಸರಿಸಿದ ಪುಲಿಗೆರೆಯ ತಿರುಳ್ಗನ್ನಡದ ನೆಲಕ್ಕೆ, ಕನ್ನಡದ ಮೇಷ್ಟರು, ಲಂಡನ್ನಿನ ಡೋಲು ಕೇಳುತ್ತ ಹೋಗಿ ಇಳಿದರು.

ಆಮೇಲೆ ಮೇಷ್ಟರ ಬುದ್ಧಿ ಸುಮ್ಮನಿರುತ್ತದೆಯೆ? ಮೂಲ ಯಾವುದೆಂದು ಕೇಳಿದೆ. ೧೯೯೦ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು ಇದು. ಮೊದಮೊದಲು ‘ಜಂಗಲ್’ ಎಂದು ಕರೆಯುತ್ತಿದ್ದರು. ಆಳದ ಬೇಸ್ ನಾದ ಬಂದದ್ದು ಜಮೈಕಾದಿಂದ ವಲಸೆ ಬಂದವರ ಸಂಗೀತದಿಂದ. ಮೇಲಿನ ಡ್ರಮ್ಮಿಗೆ ಒಂದು ಬೇರೆಯೇ ಕತೆಯುಂಟು. ೧೯೬೯ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ಎಂಬ ತಂಡ ಒಂದು ಧ್ವನಿಮುದ್ರಿಕೆಯ ಹಿಂಬದಿಗೆ ‘ಆಮೆನ್, ಬ್ರದರ್’ ಎಂಬ ವಾದ್ಯಸಂಗೀತವನ್ನು ಹಾಕಿತ್ತು. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಗ್ರೆಗರಿ ಕೋಲ್ಮನ್ ಎಂಬ ವಾದಕ ಒಬ್ಬನೇ ಸುಮಾರು ಏಳು ಸೆಕೆಂಡು ಡ್ರಮ್ ಬಾರಿಸುತ್ತಾನೆ. ಆ ಏಳು ಸೆಕೆಂಡನ್ನು ಮುಂದಿನವರು ಯಂತ್ರದಿಂದ ಎತ್ತಿಕೊಂಡರು, ವೇಗ ಹೆಚ್ಚಿಸಿದರು, ತುಂಡು ತುಂಡು ಮಾಡಿ ಹಿಂದುಮುಂದಾಗಿ ಜೋಡಿಸಿದರು. ಸಾವಿರಾರು ಕೃತಿಗಳಲ್ಲಿ ಬಳಸಿದರು.

ನಾನು ಕಾಗದ ತೆಗೆದುಕೊಂಡು ಆ ಏಳು ಸೆಕೆಂಡಿಗೆ ಪ್ರಸ್ತಾರ ಹಾಕಲು ಕೂತೆ. ನಾಲ್ಕು ಆವರ್ತನಗಳಿವೆ. ಮೊದಲ ಎರಡು ಒಂದೇ ನಡೆ. ಮೂರನೆಯದರಲ್ಲಿ ಕಿವಿ ಕಾದಿದ್ದ ಕಡೆಗೆ ಪೆಟ್ಟು ಬಾರದೆ, ತುಸು ತಡವಾಗಿ ಬೀಳುತ್ತದೆ. ನಾಲ್ಕನೆಯದರ ಮೊದಲ ಮಾತ್ರೆ ಖಾಲಿ. ಬಳಿಕ ಕಂಚಿನ ತಾಳ ಎಣಿಸಿದ್ದಕ್ಕಿಂತ ಮೊದಲೇ ಝಲ್ಲೆನ್ನುತ್ತದೆ. ನಮ್ಮ ಶಾಸ್ತ್ರಕಾರರು ಅತೀತ, ಅನಾಗತ ಎಂದು ಹೆಸರಿಟ್ಟು ಮರ್ಯಾದೆ ಮಾಡಿದ ಸಂಗತಿ ಇದೇ ಜಾತಿಯದು. ಒಳ್ಳೆಯ ಗಮಕಿ ಭಾಮಿನಿಯ ಸಾಲನ್ನು ಓದುವಾಗ ಗಣ ಮುರಿಯುವಲ್ಲಿ ನಿಲ್ಲದೆ, ಅರ್ಥದ ಸೆಳೆತಕ್ಕೆ ತುಸು ಮುಂದೆ ಹೋಗಿ ನಿಲ್ಲುತ್ತಾನಲ್ಲ, ಆ ಸೊಗಸು ಅಲ್ಲಿಯೂ ಇತ್ತು. ಕುಮಾರವ್ಯಾಸ ಹಿಡಿದ ಭಾಮಿನಿಯನ್ನೇ ಚಾಮರಸನೂ ಹಿಡಿದ, ತೊರವೆಯ ರಾಮಾಯಣದ ಕವಿಯೂ ಹಿಡಿದ. ಹಳೆಯ ನಡೆಯಲ್ಲಿ ಹೊಸ ಮಾತು ಹೇಳುವುದು ಕಳವಲ್ಲವೆಂದು ನಾನೇ ಪಾಠ ಹೇಳಿದ್ದೇನೆ.

ಆದರೆ ಒಂದು ವ್ಯತ್ಯಾಸ ಮನಸ್ಸನ್ನು ಕೊರೆಯಿತು. ನಡೆಯೆಂಬುದು ಎಲ್ಲರ ಆಸ್ತಿ. ಅದನ್ನು ಆಡಿದ ಕೈ ಒಬ್ಬನದು. ಇಲ್ಲಿ ಎತ್ತಿಕೊಂಡದ್ದು ಕೋಲ್ಮನ್ನನ ಕೈಯನ್ನೇ. ಲೋಕವೆಲ್ಲ ಅವನ ಏಳು ಸೆಕೆಂಡಿಗೆ ಕುಣಿಯುತ್ತಿರುವಾಗ ಅವನಿಗೆ ಅದರಿಂದ ಒಂದು ಕಾಸೂ ಬರಲಿಲ್ಲ. ೨೦೦೬ರಲ್ಲಿ ಬಡತನದಲ್ಲೇ ತೀರಿಕೊಂಡ. ೨೦೧೫ರಲ್ಲಿ ಕೇಳುಗರು ವಂತಿಗೆ ಕೂಡಿಸಿ, ತಂಡದ ಮುಖ್ಯಸ್ಥನಾಗಿದ್ದ ರಿಚರ್ಡ್ ಸ್ಪೆನ್ಸರನಿಗೆ ಸುಮಾರು ೨೪,೦೦೦ ಪೌಂಡು ಕೊಟ್ಟರಂತೆ. ಕೋಲ್ಮನ್ನನಿಗೆ ಆ ಭಾಗ್ಯವೂ ಇಲ್ಲ. ಇದನ್ನು ಹೇಳುವಾಗ ಮಗನ ದನಿ ಸಣ್ಣದಾಯಿತು. ನಾನು ‘ಗಿರಣಿ’ ಎಂದು ನಕ್ಕ ಸದ್ದಿನ ಹಿಂದೆ ಇಷ್ಟು ವ್ಯಸನಪಡುವ ಒಬ್ಬ ಹುಡುಗ ನನ್ನ ಮನೆಯಲ್ಲೇ ಇದ್ದ.

ಈಗ ಆರೇಳು ತಿಂಗಳಾದವು. ಅವನು ಹಾಕಿಕೊಟ್ಟ ಪಾಠಪಟ್ಟಿಯಂತೆ ಕೇಳುತ್ತಿದ್ದೇನೆ. ಗೋಲ್ಡಿ ಎಂಬಾತನ ೧೯೯೫ರ ‘ಟೈಮ್‌ಲೆಸ್’ ಇಪ್ಪತ್ತೊಂದು ನಿಮಿಷದ ಕೃತಿ; ಬಡಾ ಖ್ಯಾಲಿನ ಕೇಳುಗನಿಗೆ ಆ ವಿಸ್ತಾರ ಹೆದರಿಕೆ ಹುಟ್ಟಿಸುವುದಿಲ್ಲ. ರಾನಿ ಸೈಜ್ ಮತ್ತು ಅವನ ತಂಡ ೧೯೯೭ರಲ್ಲಿ ಮರ್ಕ್ಯುರಿ ಪ್ರಶಸ್ತಿ ಪಡೆದ ‘ನ್ಯೂ ಫಾರ್ಮ್ಸ್’ ಎರಡನೆಯ ಪಾಠ. ಲಂಡನ್ನಿನ ತಬಲಾವಾದಕ ತಲ್ವಿನ್ ಸಿಂಗ್ ಈ ಲಯದ ಜೊತೆಗೆ ನಮ್ಮ ತಬಲಾ ಕೂಡಿಸಿದ ‘ಓಕೆ’ಗೂ ೧೯೯೯ರಲ್ಲಿ ಅದೇ ಪ್ರಶಸ್ತಿ ಬಂದಿದೆ, ಅಲ್ಲಿ ಮಾತ್ರ ಮೇಷ್ಟರು ಶಿಷ್ಯನಿಗೆ ನಾಲ್ಕು ಮಾತು ಹೇಳಿಕೊಟ್ಟರು. ಎಲ್ಲವೂ ಸೇರಿತೆಂದು ಹೇಳಿದರೆ ಸುಳ್ಳಾದೀತು. ಎಷ್ಟೋ ಕೃತಿಗಳು ಒಂದೇ ಅಚ್ಚಿನ ಇಟ್ಟಿಗೆಗಳು. ಅರ್ಧ ತಾಸಿಗೆ ತಲೆ ದಣಿಯುತ್ತದೆ. ಮೆರವಣಿಗೆಯ ಡಿಜೆ ಬಂದು ಕಿಟಕಿಯ ಗಾಜು ನಡುಗಿಸಿದರೆ ನಾನು ಈಗಲೂ ಬೈಯುತ್ತೇನೆ.

ಆದರೆ ಕಿವಿಯಲ್ಲಿ ಏನೋ ಬದಲಾಗಿದೆ. ಮೊನ್ನೆ ಮುಂಡರಗಿಯಲ್ಲಿ ಒಂದು ಮದುವೆಗೆ ಜಾಂಝ್ ಮೇಳ ಬಂದಿತ್ತು. ಹಿಂದೆ ಆದರೆ ಕರವಸ್ತ್ರದಿಂದ ಕಿವಿ ಮುಚ್ಚಿಕೊಂಡು ಊಟದ ಪಂಕ್ತಿಯ ಕಡೆಗೆ ನಡೆಯುತ್ತಿದ್ದೆ. ಈ ಸಲ ನಿಂತು ನೋಡಿದೆ. ಸಣ್ಣ ವಾದ್ಯಗಳ ಹುಡುಗರು ಚಟಪಟನೆ ಬಾರಿಸುತ್ತಿದ್ದರು. ಎಲ್ಲರ ಹಿಂದೆ ದೊಡ್ಡ ಡೋಲು ಹೊತ್ತ ಮುದುಕನೊಬ್ಬ ಅಪರೂಪಕ್ಕೆ ಒಂದು ಪೆಟ್ಟು ಹಾಕುತ್ತಿದ್ದ. ಕುಣಿಯುವವರ ಕಾಲು ಆ ಮುದುಕನ ಪೆಟ್ಟಿಗೆ ನೆಲ ಮುಟ್ಟುತ್ತಿತ್ತು.

ಆಗ ನೆನಪಾಯಿತು: ನಾನು ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದವನು. ಮನೆಗೆ ಬಂದ ನೆಂಟರು ಮಗ್ಗಗಳ ಗದ್ದಲದಲ್ಲಿ ಏನೂ ಕೇಳದೆ ಕಂಗಾಲಾಗುತ್ತಿದ್ದರು; ನಮಗೆ ಒಳಗಿನಿಂದ ಅವ್ವ ಮೆಲ್ಲಗೆ ಕರೆದರೂ ಕೇಳುತ್ತಿತ್ತು. ಗದ್ದಲದ ಕೆಳಗಿನದನ್ನು ಕೇಳುವ ವಿದ್ಯೆ ನನಗೆ ಎಳವೆಯಲ್ಲೇ ಬಂದಿತ್ತು. ಎಂ.ಎ. ಓದಿ, ಗಣ್ಯರ ಸಾಲಿನಲ್ಲಿ ಕೂತು ತಲೆದೂಗುವುದನ್ನು ಕಲಿಯುವ ಭರದಲ್ಲಿ ಅದನ್ನು ಮರೆತಿದ್ದೆ. ನನ್ನ ಮನೆಗೆ ನಾನೇ ನೆಂಟನಾಗಿದ್ದೆ.

ಕಳೆದ ಶನಿವಾರ ರಾತ್ರಿ ಮಗ ತಾನಾಗಿ ಬಂದು ಪಕ್ಕದಲ್ಲಿ ಕೂತ. ನಾನು ಭೀಮಸೇನ ಜೋಶಿಯವರ ವಿಲಂಬಿತ ಏಕತಾಳದ ಖ್ಯಾಲ್ ಹಚ್ಚಿದ್ದೆ. ಸ್ವಲ್ಪ ಹೊತ್ತು ಕೇಳಿ, ತೊಡೆಯ ಮೇಲೆ ಬೆರಳಿಟ್ಟು ಎಣಿಸಹೋಗಿ ತಬ್ಬಿಬ್ಬಾದ.

“ಅಪ್ಪಾ, ಇದು ನಿಮಿಷಕ್ಕ ಎಷ್ಟ್ರಿ?”

ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಗಡಿಯಾರ ನೋಡಿ ಎಣಿಸಿದೆ. ಹದಿನಾಲ್ಕು.

“ಹದಿನಾಲ್ಕಾ?” ಎಂದು ಅವನು ಬಾಯಿಬಿಟ್ಟ. ಇಬ್ಬರೂ ನಕ್ಕೆವು. “ಈಗ ನೀ ಅರ್ಧ ಎಣಸಬ್ಯಾಡೋ, ಸುಮ್ಮನ ಕೂಡು. ಹನ್ನೆರಡು ಮಾತ್ರೆ ಆದಮ್ಯಾಲೆ ತಾನ ಸಮ್ ಬರತೈತಿ” ಎಂದೆ. ಸಮ್ ಬರಲು ಇನ್ನೂ ಅರ್ಧ ನಿಮಿಷವಿತ್ತು. ಇಬ್ಬರೂ ಕಾದುಕೊಂಡು ಕೂತೆವು.