ಪೊಳಲಿ ಬಚ್ಚಂಗಾಯಿಯ ಬಿಳಿ ಭಾಗ

ಮಾರ್ಚ್-ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೊಳಲಿ ಚೆಂಡಿನ ಜಾತ್ರೆಗೆ ಹೋದವರು ಬಚ್ಚಂಗಾಯಿ (ಕಲ್ಲಂಗಡಿ) ಹಿಡಿಯದೆ ಮನೆಗೆ ಬರುವುದು ಕಡಿಮೆ. ಕೆಂಪು ತಿರುಳು ಮಕ್ಕಳ ಪಾಲು. ನನ್ನ ಕಣ್ಣು ಅದರಡಿಯ ಬಿಳಿ ಭಾಗದ ಮೇಲೆ.

ಹಸಿರು ಸಿಪ್ಪೆ ಹೆರೆದು, ಬಿಳಿಯದನ್ನು ಸಣ್ಣಗೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆಗೆ ಹಾಕಿ. ಉಪ್ಪು, ಚೂರು ಬೆಲ್ಲ. ನೀರು ಬೇಡ, ತಾನೇ ಬಿಡುತ್ತದೆ. ಬೆಂದ ಮೇಲೆ ತೆಂಗಿನತುರಿ ಹಾಕಿದರೆ ಪಲ್ಯ. ಉಳಿದ ಹೋಳುಗಳನ್ನು ನೆನೆಸಿದ ಬೆಳ್ತಿಗೆ (ಬಿಳಿ) ಅಕ್ಕಿಯೊಂದಿಗೆ ರುಬ್ಬಿದರೆ ದೋಸೆ, ಉದ್ದೂ ಬೇಕಿಲ್ಲ.

ಈ ಪಲ್ಯ ಸೌತೆಕಾಯಿ ಪಲ್ಯದ ಹಾಗೇ ಇದೆಯಲ್ಲ ಅನ್ನುವವರಿದ್ದಾರೆ. ಇರಬಹುದು, ಆದರೆ ಸೌತೆಗೆ ಬೇರೆ ದುಡ್ಡು ಕೊಡಬೇಕು! ಕುಚ್ಚಲಕ್ಕಿ ಗಂಜಿಗಂತೂ ಇದು ಒಳ್ಳೆಯ ಜೊತೆ. ಈ ಸಲ ಸಿಪ್ಪೆ ದನಕ್ಕೆ ಹಾಕುವ ಮೊದಲು ನಾಲ್ಕು ಹೋಳು ಅಡುಗೆಮನೆಗೆ ಎತ್ತಿಡಿ.