ಕೊನೆ ಹೊಲದ ನೀರು

ಜನವರಿ 6, ಬಳ್ಳಾರಿ

ಸಿರುಗುಪ್ಪದಿಂದ ಮಾವ ಮೊದಲ ಬಸ್ಸಿಗೇ ಬಂದರು. ಎಡಗಾಲ ಹೆಬ್ಬೆರಳ ಹುಣ್ಣು ಮೂರು ತಿಂಗಳಾದರೂ ಮಾಯುತ್ತಿಲ್ಲ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಗದ್ದೆಯಲ್ಲಿ ಬರಿಗಾಲು. ರಕ್ತ ತೆಗೆದದ್ದು ನಾನೇ. ಕೆಂಪುಕಣ ಕೂರುವ ವೇಗ ಅಳೆಯುವ ಇಎಸ್‌ಆರ್ ನಳಿಕೆ ನಿಲ್ಲಿಸಿ ಒಂದು ಗಂಟೆ ಬಿಟ್ಟು ನೋಡಿದರೆ ಕೆಂಪು ತಳಕ್ಕಿಳಿದು, ಮೇಲೆ ಬರೀ ಹಳದಿ ನೀರು. ಉರಿಯೂತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಏರಿದಾಗ ಕೆಂಪುಕಣಗಳು ನಾಣ್ಯ ಪೇರಿಸಿದ ಹಾಗೆ ಅಂಟಿಕೊಂಡು ಬೇಗ ಕೂರುತ್ತವೆ. ಕಣದ ಅಗಲ 7–8 ಮೈಕ್ರಾನ್. ಲೋಮನಾಳಗಳು ಎಷ್ಟೋ ಕಡೆ ಅದಕ್ಕಿಂತ ಕಿರಿದು. ಮಡಚಿಕೊಂಡೇ ನುಸುಳಬೇಕು. ಸಕ್ಕರೆ ಆ ಕಣವನ್ನೇ ಬಿರುಸು ಮಾಡಿರುತ್ತದೆ.

ಡಾಪ್ಲರ್‌ನಲ್ಲಿ ದೊಡ್ಡ ನಾಳ ಮುಚ್ಚಿಲ್ಲ. ಡಾಕ್ಟರು ಬೆಂಗಳೂರಿಗೆ, ಒತ್ತಡದ ಕೋಣೆಯಲ್ಲಿ ಮಲಗಿಸಿ ಕೊಡುವ ಹೈಪರ್‌ಬೇರಿಕ್ ಆಕ್ಸಿಜನ್‌ಗೆ ಬರೆದುಕೊಟ್ಟರು.

ಜನವರಿ 15, ಕುರುಗೋಡು

ಅತ್ತೆಯ ತವರಲ್ಲಿ ಸಂಕ್ರಾಂತಿ. ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಬಂದರೆ ಕಟ್ಟೆ ಮೇಲೆ ಅದೇ ಮಾತು: “ಆ ಡಬ್ಬಿಯಾಗ ಮಲಗಿದ್ರ ರಕ್ತ ತೆಳ್ಳಗಾಗ್ತೈತಂತ.”

ಹಾಗಲ್ಲ. ಮಾಮೂಲಿ ಉಸಿರಿನಲ್ಲೇ ಹಿಮೋಗ್ಲೋಬಿನ್ ಆಕ್ಸಿಜನ್ನಿನಿಂದ ಬಹುತೇಕ ತುಂಬಿರುತ್ತದೆ. ಒತ್ತಡದಲ್ಲಿ ಹೆಚ್ಚುವುದು ಪ್ಲಾಸ್ಮಾದಲ್ಲಿ ಕರಗುವ ಆಕ್ಸಿಜನ್: 100 ಮಿ.ಲೀ. ರಕ್ತದಲ್ಲಿ 0.3 ಮಿ.ಲೀ. ಇದ್ದದ್ದು, ಮೂರು ಪಟ್ಟು ವಾಯುಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದರೆ 6ರ ಹತ್ತಿರ. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಬೂರೆಮಾ, ಕೆಂಪುಕಣ ಬಹುಪಾಲು ತೆಗೆದ ಹಂದಿಗಳನ್ನು ಹೀಗೇ ಬದುಕಿಸಿ ತೋರಿಸಿದ್ದರು. ನಾಳಗಳಂತೂ ಆಗ ಕುಗ್ಗುತ್ತವೆ. ಹರಿವು ತುಸು ತಗ್ಗುತ್ತದೆ, ಊತವೂ ಇಳಿಯುತ್ತದೆ.

ಮಾವ ಎಲೆಗೆ ಸುಣ್ಣ ಸವರುತ್ತಾ, “ಅಂದ್ರ ಕಾಲುವಿಗೆ ನೀರು ಹೆಚ್ಚಿಗೆ ಬಿಡಲ್ಲ. ಕೊನೆ ಹೊಲಕ್ಕ ಹೋಗೋ ಅಷ್ಟು ನೀರಿಗೇ ಗೊಬ್ಬರ ಕಲಸಿ ಬಿಡ್ತಾರ” ಅಂದರು. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಜನವರಿ 28, ಬೆಂಗಳೂರು

ಮಾವ ಆ ಡಬ್ಬಿಗೆ ಏಳನೇ ಸಲ. ಅತ್ತೆ ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿ ಕಳಿಸಿದ್ದರು. ಬಾಗಿಲಲ್ಲೇ ತಡೆದು ತೊಳೆಸಿದರು. ಶುದ್ಧ ಆಕ್ಸಿಜನ್ನಿನಲ್ಲಿ ಎಣ್ಣೆ ಬೆಂಕಿಗೆ ಆಹ್ವಾನ. ಹತ್ತಿ ಬಟ್ಟೆ ಮಾತ್ರ, ಉಡದಾರದ ಬೆಳ್ಳಿ ತಾಯಿತವೂ ಹೊರಗೆ. ತೊಂಬತ್ತು ನಿಮಿಷ. ಒತ್ತಡ ಏರುವಾಗ ಮಾವ ಉಗುಳು ನುಂಗಿ ನುಂಗಿ ಕಿವಿ ಬಿಡಿಸಿಕೊಳ್ಳುವುದು ಗಾಜಿನಾಚೆ ಕಾಣುತ್ತಿತ್ತು.

ರಾತ್ರಿ ಓದಿದೆ. ಈ ಚಿಕಿತ್ಸೆಯಿಂದ ಕೆಂಪುಕಣ ಮೆತ್ತಗಾಗುತ್ತದೆ ಅನ್ನುವ ಪ್ರಬಂಧಗಳಿವೆ, ಬಿರುಸಾಗುತ್ತದೆ ಅನ್ನುವವೂ ಇವೆ. ಕಟ್ಟೆಯವರಿಗೆ ಹೇಳಿದರೆ ನಗುತ್ತಾರೆ.

ಮಾರ್ಚ್ 9, ಸಿರುಗುಪ್ಪ

ಹುಣ್ಣಿನ ತಳದಲ್ಲಿ ಕೆಂಪಗೆ ಹೊಸ ಮಾಂಸ. ಇಎಸ್‌ಆರ್ ಅರ್ಧಕ್ಕಿಳಿದಿದೆ. ಆಂಟಿಬಯೋಟಿಕ್, ಇನ್ಸುಲಿನ್, ದಿನಾ ಡ್ರೆಸ್ಸಿಂಗ್ ಎಲ್ಲವೂ ಇತ್ತು. ಯಶಸ್ಸನ್ನೆಲ್ಲ ಆಕ್ಸಿಜನ್ನಿನ ಖಾತೆಗೆ ಬರೆಯಲು ನನ್ನ ಕೈ ಬರುವುದಿಲ್ಲ.

ಮಾವ ಬದುವಿನ ಮೇಲಿದ್ದರು. ಮೆತ್ತನೆ ರಬ್ಬರಿನ ಹೊಸ ಎಂಸಿಆರ್ ಚಪ್ಪಲಿ ಗೊಬ್ಬರದ ಚೀಲದ ಮೇಲೆ. ನಾನು ನೋಡಿದ್ದು ಕಂಡು, “ಈಗ ಬಿಟ್ಟೆ ನೋಡವ್ವ” ಅನ್ನುತ್ತಾ ಮೆಲ್ಲಗೆ ಕಾಲು ತೂರಿಸಿದರು.